ನಿಮಗಿದು ಗೊತ್ತೆ? ಕೂದಲ ಬುಡದಲ್ಲೂ ಮಿದುಳಿನಲ್ಲೂ ಒಂದೇ ಡಿಎನ್‌ಎ!

ಕೂದಲ ಬುಡದ ಜೀವಕೋಶದಲ್ಲೂ ತಲೆಬುರುಡೆಯೊಳಗಿನ ನರಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಹಾಗಾದರೆ ಒಂದು ಕೋಶ ಕೂದಲು ಬೆಳೆಸುವುದೇಕೆ, ಇನ್ನೊಂದು ನೆನಪು ಕಾಯುವುದೇಕೆ?

ನಮ್ಮ ಡಿಎನ್‌ಎಯ ಸುಮಾರು ಶೇ 98ರಷ್ಟು ಭಾಗದಲ್ಲಿ ಪ್ರೋಟೀನ್ ತಯಾರಿಸುವ ಸೂಚನೆಯೇ ಇಲ್ಲ. ಬಹುಕಾಲ ಅದನ್ನು ‘ಕಸ’ ಎಂದು ಕರೆದದ್ದು ಅವಸರದ ಮಾತಾಯಿತು. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ದುಡಿಯಬೇಕೆಂದು ನಿಯಂತ್ರಿಸುವ ಸ್ವಿಚ್ಚುಗಳು ಬಹುಪಾಲು ಇರುವುದು ಅಲ್ಲಿಯೇ. ಕೂದಲ ಕೋಶದಲ್ಲಿ ಚಾಲೂ ಆಗುವ ಸ್ವಿಚ್ಚುಗಳೇ ಬೇರೆ, ನರಕೋಶದಲ್ಲಿ ಆಗುವವೇ ಬೇರೆ. ಕೆಲವು ಸ್ವಿಚ್ಚುಗಳು ಜೀನಿನಿಂದ ಡಿಎನ್‌ಎಯ ಲಕ್ಷಾಂತರ ಅಕ್ಷರಗಳಷ್ಟು ದೂರ. ಡಿಎನ್‌ಎ ಎಳೆ ಬಾಗಿ ಅವನ್ನು ಜೀನಿನ ಹತ್ತಿರ ತರುತ್ತದೆ.

ಪ್ರೋಟೀನ್ ಸೂಚನೆಯಿಲ್ಲದ ಈ ಭಾಗದಲ್ಲಿ 2006ರಲ್ಲಿ ಪತ್ತೆಯಾದ ‘ಎಚ್‌ಎಆರ್‌1’ ತುಣುಕನ್ನೇ ನೋಡಿ. ಇರುವುದು 118 ಅಕ್ಷರ. ಕೋಳಿಗೂ ಚಿಂಪಾಂಜಿಗೂ ಇದರಲ್ಲಿ ಎರಡೇ ಅಕ್ಷರ ವ್ಯತ್ಯಾಸ. ಚಿಂಪಾಂಜಿಗೂ ನಮಗೂ 18! ಗರ್ಭದಲ್ಲಿ ಶಿಶುವಿನ ಮಿದುಳು ರೂಪುಗೊಳ್ಳುವಾಗ ಇದು ಚುರುಕಾಗಿರುತ್ತದೆ.

ಪ್ರೋಟೀನ್ ಸೂಚನೆಯಿಲ್ಲದ ಇಂಥ ಭಾಗ ಕೆಟ್ಟರೆ ನೋವು ದೊಡ್ಡದು. ‘ಎಫ್‌ಎಂಆರ್‌1’ ಜೀನಿನ ಆರಂಭದಲ್ಲಿ, ಪ್ರೋಟೀನಿಗೆ ಸೇರದ ಕಡೆ, ಮೂರಕ್ಷರದ ಗುಂಪೊಂದು 200ಕ್ಕೂ ಹೆಚ್ಚು ಸಲ ಮರುಕಳಿಸಿದರೆ ಜೀನ್ ಸ್ತಬ್ಧವಾಗುತ್ತದೆ. ಮಗುವಿನ ಮಾತು, ಕಲಿಕೆ ಹಿಂದುಳಿಯುತ್ತವೆ. ಇದೇ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ಸಮಸ್ಯೆ. ಇದಕ್ಕೆ ತಾಯಿಯ ಆರೈಕೆಯ ಕೊರತೆ ಕಾರಣವಲ್ಲ. ರಕ್ತದ ಡಿಎನ್‌ಎ ಪರೀಕ್ಷೆಯಿಂದ ಪತ್ತೆಯಾಗುತ್ತದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳೂ ಇದರ ಬಗ್ಗೆ ಸಂಶೋಧನೆ ನಡೆಸಿದ್ದಾರೆ.