ಒಂದೇ ಹೆಸರಿನ ಇಬ್ಬರು ಸೇವಕರು

ಸಿ ಭಾಷೆಯಲ್ಲಿ ಮೊದಲ ಪ್ರೋಗ್ರಾಂ ಬರೆದ ವಿದ್ಯಾರ್ಥಿ ಅದಕ್ಕೆ 'ಟೆಸ್ಟ್' ಎಂದು ಹೆಸರಿಡುವುದುಂಟು. ಆ ಹೆಸರನ್ನು ಬೆರಳಚ್ಚಿಸಿ ನಡೆಸಲು ಹೋದರೆ ತೆರೆಯ ಮೇಲೆ ಏನೂ ಮೂಡುವುದಿಲ್ಲ. ದೋಷದ ಸೂಚನೆಯೂ ಕಾಣುವುದಿಲ್ಲ. ಇಲ್ಲದ ತಪ್ಪನ್ನು ಹುಡುಕುತ್ತ ಸಂಜೆಯೆಲ್ಲ ಕಳೆಯಬೇಕಾದೀತು. ಸರ್ಜಾಪುರದಿಂದ ಬೆಂಗಳೂರಿಗೆ ಹೋಗುವ ರಸ್ತೆಯ ಗಣಕ ಸಂಸ್ಥೆಗಳಲ್ಲಿ ಮುಂದೆ ದುಡಿಯಬಯಸುವವರು ಈ ಒಗಟನ್ನು ಮೊದಲೇ ಬಿಡಿಸಿಕೊಳ್ಳುವುದು ಮೇಲು.

ಯುನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಕೆಲವು ಕೆಲಸಗಳನ್ನು ಅದು ತಾನೇ ಮಾಡುತ್ತದೆ. ಇವು ಅಂತರ್ಗತ ಆಜ್ಞೆಗಳು. ಉಳಿದವಕ್ಕೆ ಡಿಸ್ಕಿನಲ್ಲಿರುವ ಬೇರೆ ಪ್ರೋಗ್ರಾಮುಗಳನ್ನು ಕರೆಯುತ್ತದೆ. ಒಳಗೂ ಹೊರಗೂ ಒಂದೇ ಹೆಸರಿದ್ದರೆ ಒಳಗಿನದೇ ಓಗೊಡುತ್ತದೆ. ಅಂಗಳದಲ್ಲಿ ನಿಂತು "ರಾಮಣ್ಣಾ" ಎಂದು ಕೂಗಿದರೆ ಮನೆಯ ರಾಮಣ್ಣನು ಬರುವನಲ್ಲದೆ ಪಕ್ಕದೂರಿನವನು ಬರುವನೇ? ಶೆಲ್ಲಿನ ಸ್ವಂತ 'ಟೆಸ್ಟ್' ಹೋಲಿಸಿ ನೋಡುವ ಆಜ್ಞೆ. ಹೋಲಿಸಲು ಏನನ್ನೂ ಕೊಡದಿದ್ದರೆ ಅದು 'ಸುಳ್ಳು' ಎಂಬ ಫಲವನ್ನು ಮೌನವಾಗಿ ಒಪ್ಪಿಸಿ ಮುಗಿಯುತ್ತದೆ.

ಅಂತರ್ಗತ ಆಜ್ಞೆಗಳೇತಕ್ಕೆ ಎಂದು ಕೇಳಬಹುದು. ಯುನಿಕ್ಸಿನ ನಿರ್ಮಾಪಕರಲ್ಲೊಬ್ಬರಾದ ಡೆನಿಸ್ ರಿಚಿಯವರು ಅದರ ಆರಂಭದ ದಿನಗಳ ಪ್ರಸಂಗವೊಂದನ್ನು ದಾಖಲಿಸಿದ್ದಾರೆ. ಪ್ರತಿ ಆಜ್ಞೆಯನ್ನೂ ಪ್ರತ್ಯೇಕ ಮರಿ ಪ್ರಕ್ರಿಯೆಯಲ್ಲಿ ನಡೆಸುವ ಏರ್ಪಾಡು ಬಂದೊಡನೆ, ಕಡತಕೋಶವನ್ನು ಬದಲಿಸುವ ಆಜ್ಞೆ ಕೆಲಸ ಮಾಡದಾಯಿತು. ಮರಿ ಮಾತ್ರ ಹೊಸ ಸ್ಥಳಕ್ಕೆ ಹೋಗಿ ಅಲ್ಲಿಯೇ ಕೊನೆಗೊಳ್ಳುತ್ತಿತ್ತು. ತಾಯಿಯಾದ ಶೆಲ್ ಇದ್ದಲ್ಲೇ ಉಳಿಯುತ್ತಿತ್ತು. ಆದುದರಿಂದ ಇಂದಿನ 'ಸಿಡಿ' ಆಜ್ಞೆ ಶೆಲ್ಲಿನೊಳಗೇ ಇರಬೇಕು. ಹೊಸ ಪ್ರಕ್ರಿಯೆಗೆ ಎಡೆಯಿಲ್ಲದಷ್ಟು ಯಂತ್ರ ತುಂಬಿಹೋದಾಗಲೂ ಒಳಗಿನ 'ಕಿಲ್' ಕೆಲಸ ಮಾಡಬಲ್ಲದು.

ಶೆಲ್ ಬದಲಾದರೆ ಒಳಗಿನ ಸೇವಕನೂ ಬದಲಾಗುವನು. 2006ರಲ್ಲಿ ಉಬುಂಟು 6.10 ಆವೃತ್ತಿಯು 'ಎಸ್‌ಎಚ್' ಎಂಬ ಹೆಸರಿನಲ್ಲಿ ಬ್ಯಾಷ್‌ಗೆ ಬದಲಾಗಿ ಡ್ಯಾಷ್ ಎಂಬ ಶೆಲ್ಲನ್ನಿರಿಸಿತು. ಬ್ಯಾಷ್‌ನ 'ಎಕೋ' ಆಜ್ಞೆ '-ಇ' ಎಂಬುದನ್ನು ಸೂಚನೆಯೆಂದು ತಿಳಿಯುತ್ತಿತ್ತು. ಡ್ಯಾಷ್‌ನದು ಅದನ್ನೂ ಹಾಗೆಯೇ ಬರೆದುಬಿಟ್ಟಿತು. ಬ್ಯಾಷ್ ಒಂದನ್ನೇ ನಂಬಿ ಬರೆದ ಲಿಪಿಗಳು ಕೆಟ್ಟವು. ಇಂಥ ಕಡೆ 'ಪ್ರಿಂಟ್‌ಎಫ್' ಬಳಸುವುದು ಕ್ಷೇಮ.

ಪರಿಹಾರ ಸುಲಭ. ಬ್ಯಾಷ್‌ನಲ್ಲಿ 'ಟೈಪ್ -ಎ ಟೆಸ್ಟ್' ಎಂದು ಕೇಳಿದರೆ ಆ ಹೆಸರಿನವರೆಲ್ಲರ ಪಟ್ಟಿ ಸರದಿಯಂತೆ ಬರುತ್ತದೆ. 'ವಿಚ್' ಎಂಬ ಆಜ್ಞೆಯನ್ನು ನೆಚ್ಚಬಾರದು. ಅದು ಸಾಮಾನ್ಯವಾಗಿ ಹೊರಗಿನವರನ್ನಷ್ಟೇ ಬಲ್ಲದು. ಹೊರಗಿನವನೇ ಬೇಕಾದರೆ ಪೂರ್ಣ ವಿಳಾಸ ಬರೆಯಬೇಕು, ಇಲ್ಲವೆ ಹೆಸರಿನ ಹಿಂದೆ 'ಎನ್ವ್' ಸೇರಿಸಬೇಕು. ನಿಮ್ಮ ಕೋಶದಲ್ಲಿಯೇ ಇರುವ 'ಟೆಸ್ಟ್' ನಡೆಯಬೇಕಾದರೆ ಹೆಸರಿನ ಮೊದಲು ಚುಕ್ಕೆಯನ್ನೂ ಓರೆಗೆರೆಯನ್ನೂ ಇಡಬೇಕು. ಓಗೊಟ್ಟವರು ಯಾರೆಂದು ತಿಳಿದ ಮೇಲೆಯೇ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಹೊರಡುವುದು ಒಳಿತು.