ಎರೆ ನೆಲದ ಮೇಲಿನ ಮನೆ ಕೊಳ್ಳುವ ಮುನ್ನ

ಕಲಬುರಗಿಯ ರಿಂಗ್ ರಸ್ತೆಯಾಚೆಯ ಬಡಾವಣೆಯೊಂದರಲ್ಲಿ ಮಾರಾಟಕ್ಕಿರುವ ಮನೆ. ಕಟ್ಟಿ ಹತ್ತು ವರ್ಷದ ಮೇಲಾಗಿದ್ದರೂ ಬಣ್ಣ ಹೊಸದು. ಕೊಳ್ಳಲು ಬಂದಿದ್ದ ನಿವೃತ್ತ ಶಿಕ್ಷಕರ ಕೈಯಲ್ಲಿ ದಪ್ಪ ಫೈಲು: ಎನ್.ಎ. ಆದೇಶ, ಖಾತಾ, ಇ.ಸಿ., ವಕೀಲರ ಅಭಿಪ್ರಾಯ. ಅವರು ಕರೆತಂದಿದ್ದ ಇಂಜಿನಿಯರ್ ಅದನ್ನು ಬಿಚ್ಚಲೇ ಇಲ್ಲ. ‘ಕಾಗದ ವಕೀಲ್ರು ನೋಡ್ಯಾರಲ್ರಿ ಸರ್, ನಾ ಗ್ವಾಡಿ ನೋಡ್ತೀನಿ’ ಎಂದವರೇ ಮನೆಯ ಹಿಂಬದಿಗೆ ನಡೆದರು.

ಬಣ್ಣ ಅಲ್ಲಿಯವರೆಗೂ ತಲುಪಿರಲಿಲ್ಲ. ಗೋಡೆಯ ಬುಡಕ್ಕೆ ಹಾಕಿದ್ದ ಕಾಂಕ್ರೀಟ್ ಪಟ್ಟಿ ಗೋಡೆಯಿಂದ ಎರಡು ಬೆರಳು ದೂರ ಸರಿದಿತ್ತು. ಬಚ್ಚಲ ನೀರು ಆ ಸಂದಿಗೇ ಇಳಿಯುತ್ತಿತ್ತು. ಅಡುಗೆಮನೆಯ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದ ಸೀಳಿಗೆ ಪುಟ್ಟಿ ತುಂಬಿದ್ದರು. ಇಂಜಿನಿಯರ್ ಅದರ ಮೇಲೆ ಉಗುರು ಎಳೆದು, ಮನೆಯೊಡತಿಯನ್ನು ಕೇಳಿದರು: ‘ಅಕ್ಕಾರ, ಮಳಿಗಾಲದಾಗ ಬಾಗಿಲಾ ಸರಿ ಮುಚ್ಚತಾವೇನ್ರಿ?’

‘ಶ್ರಾವಣದಾಗ ದೇವರ ಖೋಲಿ ಬಾಗಿಲಾ ಕೂಡಂಗಿಲ್ರಿ. ಬ್ಯಾಸಗ್ಯಾಗ ಮತ್ತ ಸರಿ ಆಗ್ತದ.’

ಮನೆ ಮಾರುವವರ ಈ ಪ್ರಾಮಾಣಿಕ ಮಾತಿಗೆ ಬೆಲೆ ಕಟ್ಟಲಾಗದು. ಆ ಒಂದು ಮಾತಿನಲ್ಲಿ ಬುನಾದಿಯ ಕಥೆಯೆಲ್ಲ ಇತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಆಳವಾದ ಎರೆಯಲ್ಲಿ ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಕೆಳಗಿನವರೆಗೂ ಇರುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್ ರೀಮ್ಡ್ ಪೈಲ್ ಎಂಬ ಬುನಾದಿಯನ್ನು ರೂಪಿಸಿದ್ದೇ ಇಂಥ ನೆಲಕ್ಕಾಗಿ. ನೆಲ ಅಲುಗದ ಆಳದವರೆಗೆ ಕಂಬ ಇಳಿಸಿ, ಅದರ ಬುಡವನ್ನು ಗಡ್ಡೆಯಂತೆ ಅಗಲಿಸುತ್ತಾರೆ. ಈ ಮನೆ ನಿಂತದ್ದು ನಾಲ್ಕಡಿ ಆಳದ ಕಲ್ಲಿನ ಬುನಾದಿಯ ಮೇಲೆ. ಹಾಗೆಂದು ಮನೆ ಬೀಳುತ್ತದೆ ಎಂದಲ್ಲ. ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಒಯ್ಯಬೇಕು, ಸುತ್ತಲಿನ ಪಟ್ಟಿಯನ್ನು ಹೊಸದಾಗಿ ಹಾಕಬೇಕು, ಸೀಳಿನ ಮೇಲೆ ಗಾಜಿನ ಚೂರು ಅಂಟಿಸಿ ಒಂದು ಮಳೆಗಾಲ ಕಾಯಬೇಕು. ಗಾಜು ಒಡೆದರೆ ಬುನಾದಿ ಇನ್ನೂ ಅಲುಗುತ್ತಿದೆ ಎಂದರ್ಥ.

ಮಾಳಿಗೆಯ ಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಲ್ಯಾಬಿನ ಕೆಳಗೆ ಅಡ್ಡಡ್ಡ ಹರಿದ ಗೆರೆ ಇಲ್ಲಿನ ಬಿಸಿಲಿನ ಗುರುತು. ಕಾದ ಸ್ಲ್ಯಾಬ್ ಹಿಗ್ಗಿ ಗೋಡೆಯನ್ನು ಎಳೆಯುತ್ತದೆ. ಅದಕ್ಕೆ ಹೆದರಬೇಕಿಲ್ಲ. ಕೆಳಗೆ ಮೀಟರ್ ಬೋರ್ಡಿನ ಅರ್ಥಿಂಗ್ ತಂತಿ ತುಂಡಾಗಿತ್ತು. ಅದನ್ನು ಆ ದಿನವೇ ಸರಿಮಾಡಿಸಿ ಎಂದರು.

ಕಾಗದಕ್ಕೆ ತಿಂಗಳು ಓಡಾಡುವ ನಾವು ಗೋಡೆಗೆ ಅರ್ಧ ದಿನ ಕೊಡುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ‘ಬ್ಯಾಂಕಿನವ್ರು ನೋಡ್ಯಾರ’ ಎಂಬ ಸಮಾಧಾನ ಸಾಲದು. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಸಾಲಕ್ಕೆ ತಕ್ಕ ಬೆಲೆ ಇದೆಯೇ ಎಂದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಆದರೆ ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಕಾಣುವಂತಿದ್ದ ದೋಷಕ್ಕೆ ಆ ಹೊಣೆ ಇಲ್ಲ. ಅಂದರೆ ನೋಡುವ ಭಾರ ಕಾನೂನೇ ನಮ್ಮ ಮೇಲೆ ಹೊರಿಸಿದೆ. ರೇರಾ ಕಾಯ್ದೆಯಡಿ ಬರುವ ಯೋಜನೆಯಲ್ಲಿ ಕೊಂಡವರಿಗೆ ರಚನೆಯ ದೋಷಕ್ಕೆ 5 ವರ್ಷದ ರಕ್ಷಣೆ ಇದೆ. ಒಬ್ಬರಿಂದೊಬ್ಬರು ಕೊಳ್ಳುವ ಹಳೆ ಮನೆಗೆ ಅದಿಲ್ಲ. ಕಲಬುರಗಿ ಕೋಟೆಯ ಆಸುಪಾಸಿನಲ್ಲಿ ಕೊಳ್ಳುವವರು ಇನ್ನೊಂದನ್ನು ಅಳೆಯಬೇಕು: ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ರಿಪೇರಿಗೂ ಅನುಮತಿ ಬೇಕು, ಅದರಾಚೆಯ 200 ಮೀಟರ್‌ನಲ್ಲೂ ಒಪ್ಪಿಗೆಯಿಲ್ಲದೆ ಕಟ್ಟುವಂತಿಲ್ಲ.

ಅಮೆರಿಕದಲ್ಲಿ ಮನೆ ತಪಾಸಣೆ ಮಾಡುವವರು 1976ರಲ್ಲೇ ಸಂಘ ಕಟ್ಟಿಕೊಂಡರು. ನಮ್ಮಲ್ಲಿ ಈ ವೃತ್ತಿಗೆ ಪ್ರತ್ಯೇಕ ಲೈಸೆನ್ಸ್ ಇಲ್ಲ. ಹಾಗಾಗಿ ಸಿವಿಲ್ ಇಂಜಿನಿಯರನ್ನೂ ಒಬ್ಬ ಹಳೆಯ ಗೌಂಡಿಯನ್ನೂ ಕೂಡಿಸಿ ಕರೆದೊಯ್ಯುವುದೇ ಸರಿ. ಒಂದೇ ಕಟ್ಟುನಿಟ್ಟು: ನೋಡುವವರಿಗೆ ಆ ಮನೆಯ ರಿಪೇರಿ ಕೆಲಸ ಕೊಡಬಾರದು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ್ ಕ್ರಾಸ್ ದಾಟಿ ಮುಂದೆ ಹೋದರೆ ಕಮಲಾಪುರ. ಇಲ್ಲಿ ಕೆಂಪು ನೆಲ ಕಾಣಿಸಿಕೊಳ್ಳುತ್ತದೆ, ಜಿ.ಐ. ಮಾನ್ಯತೆ ಪಡೆದ ಕೆಂಪು ಬಾಳೆಯ ಊರು. ನೆಲದೊಂದಿಗೆ ಮನೆಯ ರೋಗವೂ ಬದಲಾಗುತ್ತದೆ. ಇಂಜಿನಿಯರ್ ಮತ್ತು ಒಬ್ಬ ಗೌಂಡಿಯೊಂದಿಗೆ ನಾವು ಹೋದದ್ದು ಅಣ್ಣತಮ್ಮಂದಿರು ಪಾಲಾಗುವ ಮುನ್ನ ತೋರಿಸಬೇಕೆಂದಿದ್ದ ಮಣ್ಣಿನ ಮಾಳಿಗೆ ಮನೆಗೆ. ಬುನಾದಿ ಗಟ್ಟಿ ಇತ್ತು. ಭಯ ಹುಟ್ಟಿಸಿದ್ದು ತಲೆಯ ಮೇಲಿನ ಭಾರ.

ಪ್ರತಿ ಮಳೆಗಾಲದ ಮುಂಚೆ ಸೋರದಂತೆ ಮೇಲೆ ಮಣ್ಣು ಹಾಕುತ್ತ ಬಂದಿದ್ದಾರೆ. ಗೌಂಡಿ ಕಬ್ಬಿಣದ ಸಳಿ ಚುಚ್ಚಿ ನೋಡಿದಾಗ ಒಂದೂವರೆ ಅಡಿ ಇಳಿಯಿತು. ಇಂಜಿನಿಯರ್ ಅಲ್ಲೇ ಲೆಕ್ಕ ಹಾಕಿದರು: ಹತ್ತಕ್ಕೆ ಹನ್ನೆರಡು ಅಡಿಯ ಒಂದು ಖೋಲಿಯ ಮೇಲೆ ಸುಮಾರು 8 ಟನ್. ಅದನ್ನು ಹೊತ್ತ ತೊಲೆಯೊಂದರ ತುದಿ ಗೋಡೆಯೊಳಗೆ ಗೆದ್ದಲು ಹಿಡಿದು ಬೆರಳಿಗೆ ಪುಡಿಯಾಗಿ ಬಂತು. ಗೋಡೆ ಒಳಮೈ, ಹೊರಮೈ ಎರಡು ಪದರ, ನಡುವೆ ಮಣ್ಣು, ಸಣ್ಣಕಲ್ಲು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳೇ ಇಲ್ಲ. ‘ಗ್ವಾಡಿ ಹೊಟ್ಟಿ ಬಿಟ್ಟದ ನೋಡ್ರಿ’ ಎಂದು ಗೌಂಡಿ ತೂಗುಗುಂಡು ಇಳಿಬಿಟ್ಟು ತೋರಿಸಿದರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಸುಮಾರು ಹತ್ತು ಸಾವಿರ ಜನ ಭೂಕಂಪಕ್ಕೆ ಸತ್ತದ್ದು ಇಂಥದೇ ಗೋಡೆ, ಇಂಥದೇ ಮಾಳಿಗೆಯಡಿ ಮಲಗಿದ್ದಾಗ. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವರದ ಜನ ಕಂಪನಕ್ಕೆ ಹೆದರಿ ಬಯಲಲ್ಲಿ ರಾತ್ರಿ ಕಳೆದದ್ದು ನಮ್ಮದೇ ಜಿಲ್ಲೆಯಲ್ಲಿ. ಕಿಲ್ಲಾರಿಯ ನಂತರ ಹಳೆ ಮನೆ ಗಟ್ಟಿಗೊಳಿಸುವ ದಾರಿಗಳು ಗೊತ್ತಾಗಿವೆ. ಮಣ್ಣು ಅರ್ಧಕ್ಕಿಂತ ಕಡಿಮೆ ಮಾಡಿ, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು; ಗೋಡೆಯಲ್ಲಿ ಅಲ್ಲಲ್ಲಿ ತೂತು ಬಿಡಿಸಿ ಸಳಿ ಇಟ್ಟು ಕಾಂಕ್ರೀಟ್ ತುಂಬಿದರೆ ಎರಡು ಪದರವೂ ಒಂದಾಗುತ್ತವೆ.

ತಮ್ಮ ಮಾರುವ ಮಾತೆತ್ತಿದ. ‘ಮೊದ್ಲ ಮಣ್ಣ ಇಳಸ್ರಿ, ಆಮ್ಯಾಲ ಮಾರೋದ್ ಇಟ್ಕೋರಿ’ ಎಂದರು ಇಂಜಿನಿಯರ್. ಅಣ್ಣ ಗೌಂಡಿಯ ಕಡೆ ತಿರುಗಿದರು: ‘ಕಾಕಾ, ರೋಹಿಣಿ ಮಳಿ ಬರೂದ್ರೊಳಗ ಆಗ್ತದೇನು?’

‘ನಾಕ್ ಆಳು ಹಚ್ಚು, ಆಗ್ತದ. ಅಲ್ಲೀತನಕ ಹುಡುಗ್ರಿಗಿ ಪಡಸಾಲ್ಯಾಗ ಮಲಗಸಬ್ಯಾಡ.’