ಚಳಿಗಾಲದ ಎಚ್ಚರಿಕೆ: ಫ್ಲಾನೆಲ್ ಎಂದು ಕೊಟ್ಟದ್ದೆಲ್ಲ ಒಂದೇ ಅಲ್ಲ

ದೆಹಲಿ, ಪುಣೆಯ ಚಳಿಗೆ ಮಕ್ಕಳಿಗೆಂದು ಫ್ಲಾನೆಲ್ ಬಟ್ಟೆ ಕೊಳ್ಳುತ್ತಿದ್ದೀರಾ? ಕೈಗೆ ಎಲ್ಲವೂ ಮೆತ್ತಗೇ ಇರುತ್ತವೆ. ಬೆಂಕಿಯ ಹತ್ತಿರ ಮಾತ್ರ ಒಂದೊಂದೂ ಬೇರೆ.

*1. ಉಣ್ಣೆ ಫ್ಲಾನೆಲ್:* ಬ್ರಿಟನ್ನಿನ ವೇಲ್ಸ್‌ನಲ್ಲಿ ಹೆಸರಾದ ಹಳೆಯ ಬಗೆ. ಸುಲಭವಾಗಿ ಹೊತ್ತಿಕೊಳ್ಳದು. ಚುಚ್ಚಿದರೆ ಒಳಗೊಂದು ಹತ್ತಿ ಅಂಗಿ ಹಾಕಿ.

*2. ಹತ್ತಿ ಫ್ಲಾನೆಲ್:* ಇದಕ್ಕೆ ಫ್ಲಾನೆಲೆಟ್ ಎಂದೂ ಹೆಸರು. ಬಟ್ಟೆಯನ್ನು ಬ್ರಷ್‌ನಿಂದ ಉಜ್ಜಿ ನವಿರು ಎಳೆ ಎಬ್ಬಿಸಿರುತ್ತಾರೆ. ಎಳೆಗಳ ನಡುವೆ ಗಾಳಿ ನಿಂತು ಬೆಚ್ಚಗಾಗುತ್ತದೆ, ಬೆವರೂ ಹೀರುತ್ತದೆ. ಆದರೆ ಆ ಎಳೆಗಳಿಗೇ ಬೆಂಕಿ ಬೇಗ ಹಿಡಿಯುತ್ತದೆ.

*3. ಫ್ಲೀಸ್:* ಸಾಮಾನ್ಯವಾಗಿ ಪಾಲಿಯೆಸ್ಟರ್. ಬೇಗ ಒಣಗುತ್ತದೆ, ಬೆವರು ಹೀರದು. ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

*ನೆನಪಿಡಿ:*
✅ ಕೊಳ್ಳುವಾಗ ಚೀಟಿ ನೋಡಿ: ಉಣ್ಣೆಯೋ, ಹತ್ತಿಯೋ, ಪಾಲಿಯೆಸ್ಟರೋ?
✅ ರೂಮ್ ಹೀಟರ್‌ನಿಂದ ಮಕ್ಕಳನ್ನೂ ಹೊದಿಕೆಯನ್ನೂ ಕನಿಷ್ಠ 1 ಮೀಟರ್ ದೂರವಿಡಿ. ಹೀಟರ್ ಮೇಲೆ ಬಟ್ಟೆ ಒಣಹಾಕಬೇಡಿ.
✅ ಸಡಿಲ ನೈಟಿ, ಶಾಲು ತೊಟ್ಟು ಒಲೆಯ ಮುಂದೆ ನಿಲ್ಲಬೇಡಿ.
✅ ಕೂಸಿನ ಕತ್ತಿನ ಹಿಂಭಾಗ ಬೆವರಿದ್ದರೆ ಒಂದು ಪದರ ತೆಗೆಯಿರಿ.
✅ ಸುಟ್ಟರೆ 20 ನಿಮಿಷ ತಣ್ಣನೆಯ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್ ಹಚ್ಚಬೇಡಿ. ಅಂಟಿದ ಬಟ್ಟೆ ಕೀಳದೆ ಆಸ್ಪತ್ರೆಗೆ ಹೋಗಿ.

ಹೀಟರ್ ಇರುವ ಮನೆಯವರಿಗೆಲ್ಲ ಇದನ್ನು ಕಳುಹಿಸಿ. 🙏